ಸಹಸ್ರಚಂದ್ರ ದರ್ಶನಕ್ಕೆ ಮೊಬೈಲಿನಲ್ಲಿಯೇ ಫೋಟೊ: ತೆಗೆಯುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ಶಿರಸಿ ತಾಲ್ಲೂಕಿನಿಂದ

ಬರುವ ಮಾಘದಲ್ಲಿ ನಮ್ಮ ಅಪ್ಪಯ್ಯನಿಗೆ ಸಹಸ್ರಚಂದ್ರ ದರ್ಶನ ಶಾಂತಿಯನ್ನು ಮನೆಯಲ್ಲಿಯೇ ಮಾಡುವುದೆಂದು ನಿಶ್ಚಯವಾಗಿದೆ. ಛಾಯಾಗ್ರಾಹಕರನ್ನು ಕರೆಸುವುದು ಅವರಿಗೆ ಇಷ್ಟವಿಲ್ಲ. ಪ್ರಖರವಾದ ದೀಪ ಹಿಡಿದವರು ಪುರೋಹಿತರಿಗೂ ತಮಗೂ ನಡುವೆ ನಿಂತರೆ ಮಂತ್ರದಲ್ಲಿ ಮನಸ್ಸು ನಿಲ್ಲುವುದಿಲ್ಲ ಎನ್ನುತ್ತಾರೆ. ಆದ್ದರಿಂದ ಫೋಟೊದ ಹೊಣೆ ನನ್ನ ಮತ್ತು ನನ್ನ ಮಗಳ ಮೇಲೆ ಬಿದ್ದಿದೆ. ನಮ್ಮಿಬ್ಬರ ಬಳಿ ಇರುವುದು ಮೊಬೈಲ್ ಫೋನು ಮಾತ್ರ.

ಮೂರು ವರ್ಷಗಳ ಹಿಂದೆ ಮಗನ ಉಪನಯನದಲ್ಲಿಯೂ ನಾನೇ ಫೋಟೊ ತೆಗೆದಿದ್ದೆ. ಜಗಲಿಯಲ್ಲಿ ತೆಗೆದವುಗಳಲ್ಲಿ ಬಾಗಿಲು ಬೆಳ್ಳಗೆ ಹೊಳೆದು ಮುಖಗಳೆಲ್ಲ ಕಪ್ಪಾಗಿದ್ದವು. ಶಾಮಿಯಾನದ ಅಡಿಯಲ್ಲಿ ತೆಗೆದವುಗಳಲ್ಲಿ ಎಲ್ಲರ ಮುಖಕ್ಕೂ ಕುಂಕುಮ ಬಳಿದಂತೆ ಕೆಂಪು ಕೂತಿತ್ತು. ಹೋಮದ ಫೋಟೊಗಳಲ್ಲಿ ಬೆಂಕಿಯ ಹೊರತು ಬೇರೇನೂ ಕಾಣುತ್ತಿರಲಿಲ್ಲ. ಈ ಸಲ ರಾತ್ರಿ ಅಂಗಳದಲ್ಲಿ ಒಂದು ಯಕ್ಷಗಾನ ಪ್ರಸಂಗವೂ ಇದೆ. ಅಜ್ಜನ ಕಾಲದ ಟ್ರಂಕಿನಲ್ಲಿ ಮೂವತ್ತು ನಲವತ್ತು ಹಳೆಯ ಫೋಟೊಗಳಿದ್ದು, ಅವುಗಳನ್ನೂ ಮೊಬೈಲಿಗೆ ಇಳಿಸಿಕೊಳ್ಳುವ ಆಸೆಯಿದೆ. ಆದರೆ ನನ್ನ 128 ಜಿಬಿ ಫೋನಿನಲ್ಲಿ ಈಗಾಗಲೇ ಸುಮಾರು 14,000 ಚಿತ್ರಗಳು ತುಂಬಿ, ಜಾಗವಿಲ್ಲವೆಂಬ ಸೂಚನೆ ದಿನವೂ ಬರುತ್ತಿದೆ. ಇಂಥ ಸಂದರ್ಭವನ್ನು ನಿಭಾಯಿಸಿದವರು ತಮ್ಮ ಅನುಭವವನ್ನು ದಯವಿಟ್ಟು ತಿಳಿಸಿ.

ಉತ್ತರ: ಮೈಸೂರಿನಿಂದ

ನಮ್ಮ ಯಜಮಾನರ ಷಷ್ಟ್ಯಬ್ದಿಯ ಫೋಟೊಗಳನ್ನು ನಾನು ಮೊಬೈಲಿನಲ್ಲಿಯೇ ತೆಗೆದೆ. ಅದಕ್ಕೂ ಹಿಂದೆ ನಾದಿನಿಯ ಮನೆಯ ಗೃಹಪ್ರವೇಶದಲ್ಲಿ ನಿಮ್ಮ ಉಪನಯನದ ಫೋಟೊಗಳಿಗೆ ಆದದ್ದೆಲ್ಲವೂ ನನ್ನವಕ್ಕೂ ಆಗಿತ್ತು. ಎರಡು ಸಂದರ್ಭಗಳಲ್ಲಿಯೂ ಇದ್ದದ್ದು ಒಂದೇ ಫೋನು; ಬದಲಾದದ್ದು ನಾನು ನಿಂತ ಜಾಗ. ಅದಕ್ಕಾಗಿಯೇ ಮೊದಲು ಜಾಗದ ವಿಷಯವನ್ನು ಹೇಳುತ್ತೇನೆ.

ಕರ್ಮಕ್ಕೆ ಕುಳಿತವರು ಸಾಮಾನ್ಯವಾಗಿ ಪೂರ್ವಕ್ಕೆ ಮುಖ ಮಾಡಿರುತ್ತಾರೆ. ಬೆಳಗಿನ ಬೆಳಕೂ ಅತ್ತಲಿಂದಲೇ ಬರುತ್ತದೆ. ಅಂದರೆ ನಿಮ್ಮ ಮನೆಯ ಹೆಬ್ಬಾಗಿಲಾಗಲಿ ದೊಡ್ಡ ಕಿಟಕಿಯಾಗಲಿ ಪೂರ್ವಕ್ಕಿದ್ದರೆ ಬೆಳಕು ನೇರವಾಗಿ ನಿಮ್ಮ ತಂದೆಯವರ ಮುಖದ ಮೇಲೆ ಬೀಳುತ್ತದೆ. ಬಾಗಿಲಿನ ಪಕ್ಕದಲ್ಲಿ, ದಾರಿಗೆ ಅಡ್ಡವಾಗದಂತೆ, ಬೆನ್ನನ್ನು ಬೆಳಕಿಗೆ ಕೊಟ್ಟು ಕುಳಿತುಕೊಂಡರೆ ನಿಮಗೆ ಬೇಕಾದ ಮುಖ ಸಿಗುತ್ತದೆ. ಒಳಮನೆಯ ಕಡೆಯಿಂದ ಬಾಗಿಲಿನತ್ತ ಫೋನು ಹಿಡಿದರೆ ಮಾತ್ರ ಮುಖ ಕಪ್ಪಾಗುತ್ತದೆ, ಏಕೆಂದರೆ ಫೋನು ಚೌಕಟ್ಟಿನಲ್ಲಿ ಹೆಚ್ಚು ಹೊಳೆಯುವ ಬಾಗಿಲಿಗೆ ತನ್ನ ಅಳತೆಯನ್ನು ಹೊಂದಿಸಿಕೊಳ್ಳುತ್ತದೆ. ಹಿಂದಿನ ದಿನ, ಮುಹೂರ್ತದ ಹೊತ್ತಿಗೇ ಸರಿಯಾಗಿ, ಯಾರನ್ನಾದರೂ ಆ ಮಣೆಯ ಮೇಲೆ ಕೂರಿಸಿ ಜಗಲಿಯ ನಾಲ್ಕು ಮೂಲೆಗಳಿಂದಲೂ ಒಂದೊಂದು ಫೋಟೊ ತೆಗೆದು ನೋಡಿ. ನಾನು ಹೀಗೆ ಮಾಡಿದ್ದರಿಂದಲೇ ನಮ್ಮ ಮನೆಯಲ್ಲಿ ಉತ್ತರದ ಕಿಟಕಿಯ ಪರದೆಯನ್ನು ತೆಗೆಸಬೇಕೆಂಬುದು ತಿಳಿಯಿತು. ನಿಮ್ಮ ಮಾಡಿನಲ್ಲಿ ಗಾಜಿನ ಹಂಚು ಇದ್ದರೆ ಅದನ್ನು ಒರೆಸಿಸಿ. ಒಂದು ವರ್ಷದ ಜೇಡರ ಬಲೆ ಮತ್ತು ಮಸಿ ಹೋದರೆ ಒಳಗಿನ ಬೆಳಕೇ ಬೇರೆಯಾಗುತ್ತದೆ. ಹಗಲಿನ ಬೆಳಕು ಸಾಕಷ್ಟಿದ್ದಲ್ಲಿ ಹಳದಿ ಬಲ್ಬುಗಳನ್ನು ಆರಿಸಿಬಿಡಿ. ಒಂದು ಕೆನ್ನೆಗೆ ನೀಲಿ, ಇನ್ನೊಂದಕ್ಕೆ ಹಳದಿ ಬಿದ್ದ ಮುಖವನ್ನು ಆಮೇಲೆ ಯಾವ ತಿದ್ದುಪಡಿಯಿಂದಲೂ ಸರಿಪಡಿಸಲಾಗುವುದಿಲ್ಲ.

ಶಾಮಿಯಾನದ ಕೆಂಪು ಬಣ್ಣಕ್ಕೂ ಕಾರಣ ಇಂಥದ್ದೇ: ಬಿಸಿಲು ಕೆಂಪು ಬಟ್ಟೆಯ ಮೂಲಕ ಸೋಸಿ ಬಂದು ಎಲ್ಲರನ್ನೂ ಕೆಂಪಾಗಿಸುತ್ತದೆ. ನಿಮ್ಮ ಕಡೆಯ ಅಡಿಕೆ ಸೋಗೆಯ ಚಪ್ಪರ ಫೋಟೊಕ್ಕೆ ಬಹಳ ಒಳ್ಳೆಯದು. ಅದು ಸಾಧ್ಯವಾಗದಿದ್ದರೆ ಬಾಡಿಗೆಗೆ ಕೊಡುವವರ ಬಳಿ ಬಿಳಿ ಬಟ್ಟೆಯನ್ನೇ ಕೇಳಿ ಹಾಕಿಸಿ.

ಹೋಮಕ್ಕೆ ಫ್ಲಾಶ್ ಬೇಡವೇ ಬೇಡ. ಅದರ ಬೆಳಕು ಹೊಗೆಗೆ ತಗುಲಿ ಹಿಂದಿರುಗುವುದರಿಂದ ಚಿತ್ರವೆಲ್ಲ ಮಬ್ಬಾಗುತ್ತದೆ. ಪೂರ್ಣಾಹುತಿಗೆ ಮುಂಚೆಯೇ, ಜ್ವಾಲೆ ಸಾಧಾರಣವಾಗಿರುವಾಗ, ಪರದೆಯ ಮೇಲೆ ನಿಮ್ಮ ತಂದೆಯವರ ಕೈ ಅಥವಾ ಹೆಗಲ ಶಾಲು ಕಾಣುವಲ್ಲಿ ಬೆರಳನ್ನು ಒತ್ತಿ ಹಿಡಿಯಿರಿ. ಹೆಚ್ಚಿನ ಫೋನುಗಳಲ್ಲಿ ಆಗ ಫೋಕಸ್ ಮತ್ತು ಬೆಳಕಿನ ಅಳತೆ ಎರಡೂ ಅಲ್ಲಿಗೇ ನಿಲ್ಲುತ್ತವೆ, ಪಕ್ಕದಲ್ಲಿ ಸೂರ್ಯನ ಗುರುತೊಂದು ಕಾಣುತ್ತದೆ. ಅದನ್ನು ಸ್ವಲ್ಪ ಕೆಳಕ್ಕೆ ಎಳೆದಿಟ್ಟರೆ, ತುಪ್ಪ ಬಿದ್ದು ಜ್ವಾಲೆ ಮೇಲೆದ್ದಾಗಲೂ ಚಿತ್ರ ಸುಟ್ಟುಹೋದಂತೆ ಬೆಳ್ಳಗಾಗುವುದಿಲ್ಲ. ಕಪ್ಪಾದ ಭಾಗವನ್ನು ಆಮೇಲೆ ಒಂದಿಷ್ಟು ಬೆಳಗಿಸಬಹುದು. ಪೂರ್ತಿ ಬೆಳ್ಳಗಾದ ಭಾಗದಲ್ಲಿ ಮರಳಿ ತರಲು ಏನೂ ಉಳಿದಿರುವುದಿಲ್ಲ.

ಮುಖಕ್ಕೆ ತೀರ ಹತ್ತಿರ ಹೋಗಬೇಡಿ. ಮೊಬೈಲಿನ ಮುಖ್ಯ ಲೆನ್ಸು ಅಗಲವಾಗಿ ನೋಡುವಂಥದ್ದು. ಎರಡು ಅಡಿಯಿಂದ ತೆಗೆದರೆ ಮೂಗು ದೊಡ್ಡದಾಗಿ, ಕಿವಿಗಳು ಹಿಂದೆ ಸರಿದಂತೆ ಕಾಣುತ್ತವೆ. ಐದಾರು ಅಡಿ ಹಿಂದೆ ಸರಿದು 2 ಪಟ್ಟು ಜೂಮ್ ಮಾಡಿದರೆ ಮನುಷ್ಯರು ನಾವು ದಿನವೂ ನೋಡುವಂತೆಯೇ ಇರುತ್ತಾರೆ. ಮುಖವನ್ನು ನುಣುಪಾಗಿಸುವ ಸೌಂದರ್ಯದ ಆಯ್ಕೆಯನ್ನು ಹಿಂದಿನ ದಿನವೇ ನಿಲ್ಲಿಸಿಡಿ, ಏಕೆಂದರೆ ಎಂಬತ್ತು ವರ್ಷದ ಹಿರಿಯರ ಮುಖದ ಗೆರೆಗಳನ್ನು ಅಳಿಸಿದ ಫೋಟೊದಲ್ಲಿ ಅವರೇ ಇರುವುದಿಲ್ಲ.

ಹೇಳಲು ಸಣ್ಣದೆನಿಸಿದರೂ ಇದನ್ನು ಬಿಡಬಾರದು: ಕಾರ್ಯದ ದಿನ ನಮ್ಮ ಬೆರಳುಗಳಲ್ಲಿ ತುಪ್ಪ, ಎಣ್ಣೆ, ಅರಿಶಿನ ಇದ್ದೇ ಇರುತ್ತವೆ, ಅವು ಲೆನ್ಸಿಗೆ ತಗುಲಿದರೆ ದೀಪಗಳಿಂದ ಗೆರೆ ಎಳೆದಂತೆ ಬೆಳಕು ಹರಡಿಕೊಳ್ಳುತ್ತದೆ. ಹಳೆಯ ಮೆತ್ತನೆಯ ಪಂಚೆಯ ತುಂಡೊಂದನ್ನು ಸೆರಗಿನಲ್ಲಿ ಸಿಕ್ಕಿಸಿಕೊಂಡು ಗಂಟೆಗೊಮ್ಮೆ ಲೆನ್ಸನ್ನು ಒರೆಸಿಕೊಳ್ಳಿ.

ಉತ್ತರ: ಕುಂದಾಪುರದಿಂದ

ಯಕ್ಷಗಾನದ ಬಗ್ಗೆ ಮಾತ್ರ ನನ್ನ ಅನುಭವವನ್ನು ಬರೆಯುತ್ತೇನೆ. ಹನ್ನೆರಡು ವರ್ಷಗಳಿಂದ ಬಡಗುತಿಟ್ಟಿನ, ಅಂದರೆ ಯಕ್ಷಗಾನದ ಬಡಗಣ ಶೈಲಿಯ, ಆಟಗಳಿಗೆ ಹೋಗಿ ಮೊಬೈಲಿನಲ್ಲಿ ಫೋಟೊ ತೆಗೆಯುತ್ತಿದ್ದೇನೆ.

ರಾತ್ರಿಯೆಂದು ಫೋನಿನ ನೈಟ್ ಮೋಡ್ ಬಳಸುವುದು ಎಲ್ಲರೂ ಮಾಡುವ ತಪ್ಪು. ಅದು ಒಂದರ ಹಿಂದೊಂದರಂತೆ ಹಲವು ಚಿತ್ರಗಳನ್ನು ತೆಗೆದು ಒಟ್ಟುಗೂಡಿಸುವ ವಿಧಾನ. ನಿಂತ ದೇವಸ್ಥಾನಕ್ಕೆ ಚೆನ್ನಾಗಿ ಒಪ್ಪುತ್ತದೆ, ಆದರೆ ಮಂಡಿ ಕುಣಿತದಲ್ಲಿ ಸುತ್ತುತ್ತಿರುವ ವೇಷಕ್ಕೆ ಒಪ್ಪುವುದಿಲ್ಲ. ವಾಸ್ತವವಾಗಿ ರಂಗಸ್ಥಳದಲ್ಲಿ ಬೆಳಕಿಗೆ ಕೊರತೆ ಇರುವುದಿಲ್ಲ, ಸುತ್ತಲಿನ ಕತ್ತಲನ್ನು ನೋಡಿ ಫೋನು ಕೊರತೆಯೆಂದು ಭಾವಿಸುತ್ತದೆ. ಆದ್ದರಿಂದ ವೇಷಧಾರಿಯ ಮುಖದ ಮೇಲೆ ಒತ್ತಿ ಹಿಡಿದು ಬೆಳಕನ್ನು ಗಣನೀಯವಾಗಿ ಕಡಿಮೆ ಮಾಡಿ. ಹಾಗೆ ಮಾಡದಿದ್ದರೆ ಮುಖವರ್ಣಿಕೆ ಸುಣ್ಣದ ಗೋಡೆಯಂತೆ ಕಾಣುತ್ತದೆ, ಕೇದಗೆ ಮುಂದಲೆ ಎಂಬ ತಲೆಯುಡುಗೆಯ ಕುಸುರಿಯಂತೂ ಸಂಪೂರ್ಣ ಮಾಯವಾಗುತ್ತದೆ.

ಎರಡನೆಯದು ಎಲ್‌ಇಡಿ ದೀಪಗಳ ತೊಂದರೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು, ಅದರಿಂದ ನಡೆಯುವ ಅಗ್ಗದ ದೀಪಗಳು ಕಣ್ಣಿಗೆ ಕಾಣದಂತೆ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರಿನ ವೇಗವನ್ನು ತುಂಬಾ ಹೆಚ್ಚಿಸಿದರೆ, ಅಂದರೆ ಫೋನು ಬೆಳಕನ್ನು ಒಳಗೆ ಬಿಡುವ ಅವಧಿಯನ್ನು ತೀರ ಕಿರಿದಾಗಿಸಿದರೆ, ಚಿತ್ರಕ್ಕೆ ಅಡ್ಡಲಾಗಿ ಕಪ್ಪು ಪಟ್ಟಿಗಳು ಮೂಡುತ್ತವೆ. ನಿಮ್ಮ ಫೋನಿನಲ್ಲಿ ಇಂಥ ಅಳತೆಗಳನ್ನು ನಾವೇ ಹೊಂದಿಸಬಹುದಾದ ಪ್ರೊ ಮೋಡ್ ಇದ್ದರೆ ಶಟರನ್ನು ಸೆಕೆಂಡಿನ 1/100ಕ್ಕೆ ಇಡಿ, ಒಂದು ಮಿನುಗು ಪೂರ್ತಿಯಾಗಿ ಅದರೊಳಗೆ ಬರುವುದರಿಂದ ಪಟ್ಟಿಗಳು ಬರುವುದಿಲ್ಲ. ಆದರೆ 1/100ರಲ್ಲಿ ಗಿರಕಿ ಸ್ಪಷ್ಟವಾಗಿ ನಿಲ್ಲುವುದಿಲ್ಲ ಎಂಬ ಇಕ್ಕಟ್ಟು ಇದ್ದೇ ಇದೆ, ಅದಕ್ಕೆ ಪರಿಹಾರ ಫೋನಿನಲ್ಲಿಲ್ಲ, ಕಿವಿಯಲ್ಲಿದೆ. ಚಂಡೆ ಮದ್ದಳೆಗಳು ಮುಕ್ತಾಯಕ್ಕೆ ಬರುವುದನ್ನು ಕೇಳುತ್ತಿದ್ದರೆ ಕಲಾವಿದ ಯಾವ ಪೆಟ್ಟಿಗೆ ನಿಲ್ಲುತ್ತಾನೆ ಎಂಬುದು ಮೊದಲೇ ತಿಳಿಯುತ್ತದೆ. ಆ ಅರೆಗಳಿಗೆ ಅವನ ಭಂಗಿಯೂ ಕಣ್ಣುಗಳೂ ಸ್ಥಿರವಾಗಿರುತ್ತವೆ, ಆಗ ಒತ್ತಿ. ಪ್ರಸಂಗ ಗೊತ್ತಿರುವವರು ತೆಗೆದ ಫೋಟೊಗಳು ದುಬಾರಿ ಕ್ಯಾಮೆರಾದವರ ಫೋಟೊಗಳಿಗಿಂತ ಚೆನ್ನಾಗಿ ಬರುವುದನ್ನು ನಾನು ಅನೇಕ ಸಲ ನೋಡಿದ್ದೇನೆ, ಕಾರಣ ಇದೇ.

ವಿಡಿಯೊ ತೆಗೆಯುವುದಾದರೆ ಸೆಕೆಂಡಿಗೆ 25 ಅಥವಾ 50 ಚೌಕಟ್ಟುಗಳ ಆಯ್ಕೆ ಇದ್ದರೆ ಅದನ್ನೇ ಬಳಸಿ. ಐಫೋನಿನಲ್ಲಿ ಇದು ಕ್ಯಾಮೆರಾ ಸೆಟ್ಟಿಂಗ್ಸಿನ ವಿಡಿಯೊ ವಿಭಾಗದಲ್ಲಿ ಪಾಲ್ ಎಂಬ ಹೆಸರಿನಡಿ ಅಡಗಿರುತ್ತದೆ. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಬಣ್ಣ ಬರೆದುಕೊಳ್ಳುವುದನ್ನು ತೆಗೆಯಬೇಕೆನಿಸಿದರೆ ಕಲಾವಿದರ ಅನುಮತಿಯನ್ನು ಮೊದಲು ಕೇಳಿ. ವೇಷ ಕಟ್ಟುವ ಹೊತ್ತಿನಲ್ಲಿ ಎದುರಿಗೆ ಫೋನು ಹಿಡಿದು ನಿಲ್ಲುವುದು ಅನೇಕರಿಗೆ ಹಿಡಿಸುವುದಿಲ್ಲ.

ಉತ್ತರ: ಧಾರವಾಡದಿಂದ

ತಾಯೀ, ನಿಮ್ಮ ಟ್ರಂಕಿನ ವಿಷಯವನ್ನು ಕಾರ್ಯ ಮುಗಿಯುವವರೆಗೆ ಮುಂದೂಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ನಾನು ನಿವೃತ್ತ ಶಿಕ್ಷಕ. ನಮ್ಮ ಮನೆಯ ಹಳೆಯ ಫೋಟೊಗಳನ್ನು ಇಳಿಸಿಕೊಳ್ಳುವ ಕೆಲಸಕ್ಕೆ ಕೈ ಹಾಕಿದ್ದು ನಮ್ಮ ಅವ್ವ ತೀರಿಕೊಂಡ ಮರುವರ್ಷ. ಚಿತ್ರಗಳೆಲ್ಲ ಸ್ವಚ್ಛವಾಗಿ ಬಂದವು. ಆದರೆ ಇಪ್ಪತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಇರುವವರು ಯಾರೆಂದು ಹೇಳಬಲ್ಲವರು ಮನೆಯಲ್ಲಿ ಉಳಿದಿರಲಿಲ್ಲ. ನಿಮ್ಮ ತಂದೆಯವರು ಎದುರಿಗೇ ಇದ್ದಾರೆ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಫೋಟೊ ತೋರಿಸಿ, ಅವರು ಹೇಳುವುದನ್ನು ಮಗಳ ಫೋನಿನಲ್ಲಿ ಧ್ವನಿಮುದ್ರಣ ಮಾಡಿಸಿ. ಮೊದಲಿಗೆ ಫೋಟೊದ ಸಂಖ್ಯೆಯನ್ನು ಗಟ್ಟಿಯಾಗಿ ಹೇಳಿ ಪ್ರಾರಂಭಿಸಿದರೆ ಮುಂದೆ ಹೊಂದಿಸಿಕೊಳ್ಳಲು ಅನುಕೂಲವಾಗುತ್ತದೆ. ಎಡದಿಂದ ಬಲಕ್ಕೆ ಎಂಬ ಒಂದೇ ಕ್ರಮವನ್ನು ಕೊನೆಯವರೆಗೂ ಇಟ್ಟುಕೊಳ್ಳಿ.

ತೆಗೆಯುವ ವಿಧಾನ ಸರಳ. ಬಿಸಿಲು ನೇರವಾಗಿ ಬೀಳದ ಕಿಟಕಿಯ ಬಳಿ ಮೇಜಿಟ್ಟು, ಅದರ ಮೇಲೆ ಬೂದು ಅಥವಾ ಕಪ್ಪು ಬಟ್ಟೆ ಹಾಸಿ ಫೋಟೊವನ್ನು ಮಲಗಿಸಿ. ಫೋನನ್ನು ಸ್ವಲ್ಪ ಎತ್ತರದಲ್ಲಿ, ಫೋಟೊಕ್ಕೆ ಸಮಾನಾಂತರವಾಗಿ ಹಿಡಿದು 2 ಪಟ್ಟು ಜೂಮಿನಲ್ಲಿ ತೆಗೆದರೆ ಅಂಚುಗಳು ಬಾಗುವುದಿಲ್ಲ, ಫೋನಿನ ನೆರಳೂ ಬೀಳುವುದಿಲ್ಲ. ಗೋಡೆಯ ಮೇಲಿರುವ, ಗಾಜಿನ ಕಟ್ಟು ಹಾಕಿಸಿದ ಫೋಟೊಗಳಲ್ಲಿ ನಿಮ್ಮದೇ ಪ್ರತಿಬಿಂಬ ಕಾಣುವುದಾದರೆ, ನಿಮ್ಮ ಹಿಂದೆ ಇಬ್ಬರಿಗೆ ಕರಿ ಕಂಬಳಿ ಹಿಡಿದು ನಿಲ್ಲಲು ಹೇಳಿ. ನಾನು ಮಾಡಿ ನೋಡಿದ್ದೇನೆ, ಪ್ರತಿಬಿಂಬ ಪೂರ್ತಿಯಾಗಿ ಹೋಗುತ್ತದೆ. ಗಾಜಿಗೆ ಅಂಟಿಕೊಂಡ ಫೋಟೊವನ್ನು ಬಿಡಿಸಲು ಹೋಗಬೇಡಿ, ಮೇಲಿನ ಪದರವೇ ಕಿತ್ತು ಗಾಜಿನೊಡನೆ ಬರುತ್ತದೆ. ಅದನ್ನು ಇದ್ದಂತೆಯೇ ತೆಗೆಯಿರಿ.

ಪ್ರತಿ ಫೋಟೊದ ಹಿಂಬದಿಯನ್ನೂ ತೆಗೆಯಿರಿ. ಸ್ಟುಡಿಯೊದ ಮುದ್ರೆ, ಊರಿನ ಹೆಸರು, ಯಾರೋ ಮಸಿಯಲ್ಲಿ ಬರೆದಿಟ್ಟ ತಾರೀಖು ಅಲ್ಲಿಯೇ ಇರುತ್ತವೆ. ನೀವು ಹೊಸದಾಗಿ ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್ಲಿನಿಂದ, ಅಂಚಿನಲ್ಲಿ ಬರೆಯಿರಿ; ಬಾಲ್‌ಪೆನ್ನಿನ ಒತ್ತು ಮುಂದಿನ ಮುಖಕ್ಕೆ ಮೂಡುತ್ತದೆ. ಇನ್ನೊಂದು ವಿಷಯ: ಹೀಗೆ ತೆಗೆದ ಚಿತ್ರಗಳಿಗೆಲ್ಲ ಫೋನು ಇಂದಿನ ತಾರೀಖನ್ನೇ ಹಾಕುತ್ತದೆ. ಗೂಗಲ್ ಫೋಟೋಸಿನಲ್ಲಿ ತಾರೀಖನ್ನು ತಿದ್ದಬಹುದು, ವಿವರಣೆಯನ್ನೂ ಬರೆಯಬಹುದು. ಆದರೆ ಅಲ್ಲಿ ಬರೆದ ವಿವರಣೆ ಚಿತ್ರವನ್ನು ಬೇರೆ ಕಡೆಗೆ ಒಯ್ದಾಗ ಜೊತೆಗೆ ಬರುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ಫೈಲಿನ ಹೆಸರಿನಲ್ಲಿಯೇ ಅಂದಾಜು ವರ್ಷವನ್ನೂ ಮುಖ್ಯ ಹೆಸರನ್ನೂ ಸೇರಿಸಿ, ವಿವರವನ್ನೆಲ್ಲ ಒಂದು ನೂರು ಪುಟದ ನೋಟುಪುಸ್ತಕದಲ್ಲಿ ಸಂಖ್ಯೆವಾರು ಬರೆದಿಡಿ. ನಮ್ಮ ಮನೆಯಲ್ಲಿ ಈಗ ಮೊಮ್ಮಕ್ಕಳು ಹೆಚ್ಚಾಗಿ ತೆರೆದು ನೋಡುವುದು ಆ ನೋಟುಪುಸ್ತಕವನ್ನೇ.

ಉತ್ತರ: ನ್ಯೂಜೆರ್ಸಿಯಿಂದ

ನಾನು ಸಾಗರದ ಕಡೆಯವನು, ಇಲ್ಲಿಗೆ ಬಂದು ಹದಿನೈದು ವರ್ಷಗಳಾದವು. ಊರಿನ ಕಾರ್ಯಗಳನ್ನು ಫೋಟೊದಲ್ಲಿಯೇ ನೋಡಬೇಕಾದ ನನ್ನಂಥವರ ಕಡೆಯಿಂದ ಸಂಗ್ರಹದ ವಿಷಯವನ್ನು ಹೇಳುತ್ತೇನೆ.

ನನ್ನ ಮಗಳ ಮೊದಲ ಎರಡು ವರ್ಷಗಳ ಫೋಟೊಗಳು ಒಂದೇ ಫೋನಿನಲ್ಲಿದ್ದವು. ಪರದೆ ಒಡೆದಾಗ ದುರಸ್ತಿಗೆ ಕೊಟ್ಟೆ. ಅವರು ಫೋನನ್ನು ಹೊಸದರಂತೆ ಅಳಿಸಿ ಹಿಂದಿರುಗಿಸಿದರು. ಬೇರೆ ಪ್ರತಿ ಇರಲಿಲ್ಲ. ಇವತ್ತಿಗೂ ನಮ್ಮಲ್ಲಿ ಉಳಿದಿರುವುದು ಊರಿನಲ್ಲಿರುವ ಅಮ್ಮನಿಗೆ ವಾಟ್ಸಾಪಿನಲ್ಲಿ ಕಳುಹಿಸಿದ್ದ ಅರವತ್ತು ಚಿತ್ರಗಳು ಮಾತ್ರ. ಅಂದಿನಿಂದ ಯಾವುದೇ ಚಿತ್ರವನ್ನು ಮೂರು ಕಡೆ ಇಡುತ್ತೇನೆ: ಫೋನಿನಲ್ಲಿ ಒಂದು, ಮನೆಯ ಹಾರ್ಡ್ ಡಿಸ್ಕಿನಲ್ಲಿ ಒಂದು, ಮನೆಯ ಹೊರಗೆ ಒಂದು. ಮೂರನೆಯದು ಅಂತರ್ಜಾಲದ ಖಾತೆಯಾಗಬಹುದು, ಬೇರೆ ಊರಿನ ತಮ್ಮನ ಬಳಿ ಇಟ್ಟ ಇನ್ನೊಂದು ಡಿಸ್ಕೂ ಆಗಬಹುದು. ಪೆನ್ ಡ್ರೈವನ್ನು ಸಾಗಿಸುವುದಕ್ಕೆ ಬಳಸಿ, ವರ್ಷಗಟ್ಟಲೆ ಕಾಯ್ದಿಡಲು ನಂಬಬೇಡಿ.

ನಿಮ್ಮ 14,000 ಚಿತ್ರಗಳು ಒಂದೊಂದು ಸುಮಾರು 4 ಎಂಬಿ ಎಂದಿಟ್ಟುಕೊಂಡರೆ 56 ಜಿಬಿ ಆಗುತ್ತವೆ. ಗೂಗಲ್ ಉಚಿತವಾಗಿ ಕೊಡುವುದು 15 ಜಿಬಿ, ಅದರಲ್ಲಿ ಜಿಮೇಲ್ ಮತ್ತು ಡ್ರೈವ್ ಕೂಡ ಸೇರಿವೆ. ಮಿತಿಯಿಲ್ಲದ ಉಚಿತ ಸಂಗ್ರಹ 2021ರ ಜೂನ್ 1ಕ್ಕೆ ಕೊನೆಗೊಂಡಿತು. ಆಪಲ್ ಕೊಡುವುದು 5 ಜಿಬಿ. ಎಂದರೆ ಹಣ ಕೊಟ್ಟು ಜಾಗ ಪಡೆಯಬೇಕು, ಇಲ್ಲವೇ ಹಾರ್ಡ್ ಡಿಸ್ಕಿಗೆ ಸಾಗಿಸಬೇಕು. ಎರಡಕ್ಕೂ ಮೊದಲು ವಾಟ್ಸಾಪಿನಿಂದ ತಾನಾಗಿ ಇಳಿದ ಶುಭೋದಯದ ಚಿತ್ರಗಳು, ಸ್ಕ್ರೀನ್‌ಶಾಟುಗಳು ಮತ್ತು ಉದ್ದದ ವಿಡಿಯೊಗಳನ್ನು ನೋಡಿ. ನನ್ನ ಫೋನಿನಲ್ಲಿ 4ಕೆ ವಿಡಿಯೊ ನಿಮಿಷಕ್ಕೆ ಸುಮಾರು 170 ಎಂಬಿ ತೆಗೆದುಕೊಳ್ಳುತ್ತದೆ, ಅದಕ್ಕಿಂತ ಕಡಿಮೆ ಸ್ಪಷ್ಟತೆಯ 1080ರಲ್ಲಿ 60 ಎಂಬಿ ಮಾತ್ರ. ರಾತ್ರಿಯ ಇಡೀ ಪ್ರಸಂಗವನ್ನು ತೆಗೆಯುವವರು ಈ ಲೆಕ್ಕವನ್ನು ಮೊದಲೇ ಮಾಡಿಕೊಳ್ಳಬೇಕು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಬ್ಯಾಕಪ್ ಆದ, ಅಂದರೆ ಖಾತೆಗೂ ಪ್ರತಿ ಹೋಗಿರುವ, ಚಿತ್ರವನ್ನು ಗೂಗಲ್ ಫೋಟೋಸಿನೊಳಗೆ ಹೋಗಿ ಅಳಿಸಿದರೆ ಅದು ಫೋನಿನಿಂದಲೂ ಹೋಗುತ್ತದೆ, ಖಾತೆಯಿಂದಲೂ ಹೋಗುತ್ತದೆ; ಕಸದ ಬುಟ್ಟಿಯಲ್ಲಿ 60 ದಿನ ಇದ್ದು ಆಮೇಲೆ ಶಾಶ್ವತವಾಗಿ ಇಲ್ಲವಾಗುತ್ತದೆ. ಫೋನಿನ ಪ್ರತಿಯನ್ನು ಮಾತ್ರ ತೆಗೆದುಹಾಕಲು ಅದರಲ್ಲಿಯೇ ಜಾಗ ಖಾಲಿ ಮಾಡುವ ಪ್ರತ್ಯೇಕ ಆಯ್ಕೆಯಿದೆ. ಅದನ್ನೇ ಬಳಸಿ, ಬಳಸುವ ಮುನ್ನ ಹತ್ತಾರು ಚಿತ್ರಗಳನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ಖಚಿತಪಡಿಸಿಕೊಳ್ಳಿ.

ನಮಗೆ ಕಳುಹಿಸುವಾಗ ವಾಟ್ಸಾಪಿನಲ್ಲಿ ಚಿತ್ರವಾಗಿ ಕಳುಹಿಸದೆ ಡಾಕ್ಯುಮೆಂಟ್ ಆಗಿ ಕಳುಹಿಸಿ. ಸಾಮಾನ್ಯ ರೀತಿಯಲ್ಲಿ ಕಳುಹಿಸಿದ ಚಿತ್ರ ಕುಗ್ಗುತ್ತದೆ, ತೆಗೆದ ತಾರೀಖು ಮತ್ತು ಸ್ಥಳದ ದಾಖಲೆಯೂ ಅಳಿಸುತ್ತದೆ. ಫೋನಿನಲ್ಲಿ ನೋಡಲು ಅದು ಸಾಕು, ಗೋಡೆಗೆ ಹಾಕುವ ದೊಡ್ಡ ಮುದ್ರಣಕ್ಕೆ ಸಾಲದು. 12 ಮೆಗಾಪಿಕ್ಸೆಲ್ಲಿನ ಮೂಲ ಚಿತ್ರ, ಅಂದರೆ 4000 ಅಡ್ಡ ಮತ್ತು 3000 ಉದ್ದದ ಪಿಕ್ಸೆಲ್ಲುಗಳು, ಅಂಗುಲಕ್ಕೆ 300ರಂತೆ 13 ಅಂಗುಲ ಅಗಲಕ್ಕೆ ಚೆನ್ನಾಗಿ ಬರುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ನಿನ್ನೆ ಬೆಳಿಗ್ಗೆ ಒಂಬತ್ತಕ್ಕೆ ಮಗನನ್ನು ಮಣೆಯ ಮೇಲೆ ಕೂರಿಸಿ ನಾಲ್ಕು ಕಡೆಯಿಂದ ತೆಗೆದು ನೋಡಿದೆವು. ಉಪನಯನದಲ್ಲಿ ನಾನು ನಿಂತಿದ್ದ ಕಂಬದ ಪಕ್ಕದ ಜಾಗವೇ ಎಲ್ಲಕ್ಕಿಂತ ಕೆಟ್ಟದ್ದೆಂದು ಗೊತ್ತಾಯಿತು. ಗಾಜಿನ ಹಂಚುಗಳು ಎರಡಿವೆ, ಎರಡನ್ನೂ ಒರೆಸಿಸಿದ್ದೇವೆ. ಇನ್ನೊಂದು ಸಂದೇಹ: ಕಾರ್ಯಕ್ಕೆ ಬಂದವರೆಲ್ಲ ತಮ್ಮ ತಮ್ಮ ಫೋನಿನಲ್ಲಿ ತೆಗೆಯುತ್ತಾರೆ. ಆ ಫೋಟೊಗಳನ್ನು ಒಂದೆಡೆ ಸೇರಿಸುವುದು ಹೇಗೆ?

ಉತ್ತರ: ಮೈಸೂರಿನಿಂದ

ಅವರು ಊರಿಗೆ ಹೊರಡುವ ಮುನ್ನವೇ ಪಡೆದುಕೊಳ್ಳಿ, ಆಮೇಲೆ ಕೇಳಿದರೆ ಬರುವುದಿಲ್ಲ. ನಾವು ಊಟದ ನಂತರ ತಾಂಬೂಲ ಕೊಡುವ ಜಾಗದ ಪಕ್ಕದಲ್ಲಿ ಲ್ಯಾಪ್‌ಟಾಪನ್ನೂ ಎರಡು ಬಗೆಯ ಕೇಬಲ್ಲನ್ನೂ ಇಟ್ಟು, ಒಬ್ಬ ಹುಡುಗನನ್ನು ಅಲ್ಲಿ ಕೂರಿಸಿದ್ದೆವು. ಅವನು ಪ್ರತಿಯೊಬ್ಬರ ಹೆಸರಿನಲ್ಲಿ ಒಂದು ಫೋಲ್ಡರ್ ಮಾಡಿ, ಅವರ ಎದುರಿಗೇ ಆ ದಿನದ ಫೋಟೊಗಳನ್ನು ಮಾತ್ರ ಇಳಿಸಿಕೊಂಡ. ಫೋಲ್ಡರಿನ ಹೆಸರು 2023-11-19 ಎಂಬಂತೆ ವರ್ಷದಿಂದ ಪ್ರಾರಂಭವಾದರೆ ಕಂಪ್ಯೂಟರಿನಲ್ಲಿ ಎಲ್ಲವೂ ತಾನಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ಸಾವಿರದ ಇನ್ನೂರು ಫೋಟೊಗಳು ಸೇರಿದವು. ಅವುಗಳಲ್ಲಿ ನಲವತ್ತನ್ನು ಆಯ್ದು ಆಲ್ಬಂ ಮಾಡಿಸಿದೆವು. ಆಯುವ ಕೆಲಸವನ್ನು ಹದಿನೈದು ದಿನ ಬಿಟ್ಟು ಮಾಡಿದ್ದು ಒಳ್ಳೆಯದಾಯಿತು, ಆ ವೇಳೆಗೆ ಯಾವುದು ನಿಜವಾಗಿ ಚೆನ್ನಾಗಿದೆ ಎಂಬುದು ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ಪ್ರಶ್ನೆ ಕೇಳಿದವರಿಂದ

ಹಾಗೆಯೇ ಮಾಡುತ್ತೇವೆ, ಅಕ್ಕನ ಮಗ ಲ್ಯಾಪ್‌ಟಾಪ್ ತರಲು ಒಪ್ಪಿದ್ದಾನೆ. ಟ್ರಂಕನ್ನು ಇಂದು ಮಧ್ಯಾಹ್ನ ಜಗಲಿಗೆ ತಂದಿದ್ದೇವೆ. ಅಪ್ಪಯ್ಯ ಮೊದಲ ಫೋಟೊದಲ್ಲಿರುವ ಏಳು ಜನರ ಹೆಸರು ಹೇಳುವುದಕ್ಕೆ ಮುಕ್ಕಾಲು ಗಂಟೆ ತೆಗೆದುಕೊಂಡರು, ಮಗಳು ಎಲ್ಲವನ್ನೂ ಮುದ್ರಿಸಿಕೊಂಡಿದ್ದಾಳೆ. ಇನ್ನು ಮೂವತ್ತೇಳು ಫೋಟೊಗಳು ಉಳಿದಿವೆ, ದಿನಕ್ಕೆ ಎರಡರಂತೆ ನಡೆಸುತ್ತೇವೆ.